ಅಣ್ಣನ ಹೆಸರಲ್ಲಿ ತಮ್ಮನ ಬಿಪಿ

ಹರಿಹರದ ಪಕ್ಕದ ಗುತ್ತೂರಿನಲ್ಲಿ ಯಾರಿಗೆ ಎದೆ ಹಿಡಿದರೂ ಮೊದಲು ಬರುವ ಮಾತು ಒಂದೇ: "ಗ್ಯಾಸ್ ಆಗಿರ್ಬೇಕು." ಮಾರಣ್ಣನಿಗೂ ಊರಿನವರು ಅದನ್ನೇ ಹೇಳಿದರು. ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಮನುಷ್ಯ, ವಯಸ್ಸು ಐವತ್ತರ ಆಸುಪಾಸು. ಇತ್ತೀಚೆಗೆ ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು ಬರುತ್ತಿತ್ತು. ಹೆಂಡತಿ ಮೈಲಮ್ಮ ಜೀರಿಗೆ ಕಷಾಯ ಕಾಸಿ ಕೊಡುತ್ತಿದ್ದಳು.

ಇದು ಗ್ಯಾಸ್ ಅಲ್ಲ ಎಂದು ಮಾರಣ್ಣನಿಗೆ ಒಳಗೊಳಗೇ ಗೊತ್ತಿತ್ತು. ಹರಿಹರದ ಔಷಧಿ ಅಂಗಡಿಯಲ್ಲಿ ಒಮ್ಮೆ ಬಿಪಿ ನೋಡಿಸಿಕೊಂಡಾಗ ಅಂಗಡಿಯವರು ಗಾಬರಿಯಾಗಿ, "ಇವತ್ತೇ ಡಾಕ್ಟ್ರಿಗೆ ತೋರಿಸ್ರಿ" ಅಂದಿದ್ದರು. ಅವನು ಆ ಮಾತನ್ನು ಮನೆಯಲ್ಲಿ ಹೇಳಲೇ ಇಲ್ಲ. ಹಿಂದೆ ಕಾಂತರಾಜ್ ಎಂಬ ಜೊತೆಗಾರ ಕೆಲಸದಲ್ಲಿ ತಲೆಸುತ್ತಿ ಬಿದ್ದಾಗ ಗುತ್ತಿಗೆದಾರ ಅವನನ್ನು ಬಾಯ್ಲರ್‌ನಿಂದ ತೆಗೆದುಹಾಕಿದ್ದ. ತನಗೂ ಅದೇ ಗತಿ ಬಂದೀತೆಂದು ಮಾರಣ್ಣ ಹೆದರಿದ್ದ.

ಆಗಲೇ ಆಶಾ ಕಾರ್ಯಕರ್ತೆ ಹಜೀರಾಬೀ ಮನೆಗೆ ಬಂದರು.

"ಭಾನುವಾರ ಸಾಲಿಯಾಗ ಕ್ಯಾಂಪ್ ಐತೆ. ದಾವಣಗೆರೆಯಿಂದ ಡಾಕ್ಟ್ರು ಬರ್ತಾರೆ. ಈ ಕಡೆ ಸಾವಿರಾರು ಜನರ ಹಾರ್ಟ್ ನೋಡ್ತಾ ಇದಾರೆ. ಇಬ್ರೂ ಬರ್ರಿ."

"ಅವರಿಗೆ ನಮ್ಮ ಹಾರ್ಟ್ ಯಾಕ ಬೇಕು?" ಮಾರಣ್ಣ ಕೇಳಿದ.

"ಯಾರ ಹಾರ್ಟ್ ಸೋಲ್ತೈತೆ, ಯಾಕ ಸೋಲ್ತೈತೆ ಅಂತ ತಿಳೀಬೇಕಲ್ಲಣ್ಣ. ಬಿಪಿಯಿಂದಾನೋ, ಶುಗರ್‌ನಿಂದಾನೋ, ಬೀಡಿಯಿಂದಾನೋ, ಬೆಂಕಿ ಮುಂದಿನ ಕೆಲಸದಿಂದಾನೋ? ಒಬ್ಬಿಬ್ಬರನ್ನ ನೋಡಿದ್ರೆ ತಿಳಿಯಲ್ಲ. ಊರಿಗೆ ಊರನ್ನೇ ನೋಡ್ಬೇಕು, ವರ್ಷ ವರ್ಷ ನೋಡ್ಬೇಕು."

"ಕಾರ್ಖಾನೆಗೆ ಹೇಳ್ತಾರೇನು?"

"ಹೇಳಂಗಿಲ್ಲ. ನಿಮ್ಮ ಹೆಸರು ಹೊರಗೆ ಹೋಗಲ್ಲ. ಮನಸ್ಸಿಲ್ಲ ಅಂದ್ರೆ ಬ್ಯಾಡ ಅನ್ರಿ, ಯಾರೂ ಬಲವಂತ ಮಾಡಲ್ಲ."

ಬ್ಯಾಡ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು! ಮಾರಣ್ಣ ಹಾಗೆ ಅನ್ನಲಿಲ್ಲ. ಬರುವುದಿಲ್ಲ ಎಂದರೆ ಹೆಂಡತಿಗೆ ಅನುಮಾನ ಬರುತ್ತದೆ, ಹೋದರೆ ಬಿಪಿ ಸಿಕ್ಕಿಬೀಳುತ್ತದೆ. ಅದಕ್ಕೇ ದಾವಣಗೆರೆಯ ವಿನೋಬನಗರದಲ್ಲಿದ್ದ ತಮ್ಮ ಅಂಜನ್ ಕುಮಾರನಿಗೆ ಫೋನ್ ಮಾಡಿ ಗುಟ್ಟಾಗಿ ಕರೆಸಿಕೊಂಡ. ತಮ್ಮ ಆಟೋ ಓಡಿಸುವವನು, ನಲವತ್ತರ ಗಟ್ಟಿ ಆಳು, ನೋಡಲು ಅಣ್ಣನ ಹಾಗೇ ಇದ್ದ.

"ನನ್ನ ಹೆಸರು ಹೇಳಿ ನೀನು ಕೂತ್ಕೊಂಡು ಬಾ. ಬರೀ ತೋಳಿಗೆ ಪಟ್ಟಿ ಕಟ್ತಾರೆ ಅಷ್ಟೆ."

"ತಪ್ಪಲ್ಲೇನಣ್ಣ?"

"ನನ್ನ ಕೆಲಸ ಹೋಗ್ಲಿ ಅಂತೀಯಾ?"

ಅಂಜನ್ ಒಪ್ಪಿಕೊಂಡ. ಭಾನುವಾರ ಬೆಳಿಗ್ಗೆ ಹೆಂಗಸರ ಸರದಿ ಮುಗಿದು ಮೈಲಮ್ಮ ಮನೆಗೆ ಬಂದ ಮೇಲೆ ಮಾರಣ್ಣ ಕ್ಯಾಂಪಿಗೆಂದು ಹೊರಟು ದಾರಿಯಲ್ಲೇ ಉಳಿದ; ಶಾಲೆಗೆ ಅಂಜನ್ ಹೋದ. ಹಜೀರಾಬೀ ಊರಿನ ಆ ತುದಿಯಲ್ಲಿ ಜನರನ್ನು ಕರೆಯಲು ಹೋಗಿದ್ದರು. ದಾವಣಗೆರೆಯಿಂದ ಬಂದವರಿಗೆ ಯಾರ ಮುಖ ತಾನೇ ಗೊತ್ತು? ಅಣ್ಣನ ಹೆಸರಲ್ಲಿ ತಮ್ಮನ ಬಿಪಿ ದಾಖಲಾಯಿತು.

ವಾರ ಕಳೆದು ಹಜೀರಾಬೀ ಬಂದು, "ಮಾರಣ್ಣಂದು ಎಲ್ಲಾ ಸರಿ ಐತಂತೆ" ಅಂದಾಗ ಮೈಲಮ್ಮ ಖುಷಿಯಿಂದ ಹೋಳಿಗೆ ಮಾಡಿದಳು. ಮಾರಣ್ಣ ತುಪ್ಪ ಹಾಕಿಸಿಕೊಂಡು ತಿಂದ. ತಮಾಷೆಯೆಂದರೆ, ದಿನ ಕಳೆದ ಹಾಗೆ ಅವನೂ ಅದನ್ನು ನಂಬತೊಡಗಿದ. ತಾನೇ ಕಟ್ಟಿದ ಸುಳ್ಳು ಅವನಿಗೆ ಧೈರ್ಯ ಕೊಟ್ಟಿತು. ಪಾದ ಊದಿ ಚಪ್ಪಲಿ ಬಿಗಿಯಾದಾಗ "ನಿಂತು ನಿಂತು ಹಿಂಗಾಗೈತೆ" ಅಂದ. ಮಲಗಿದರೆ ಉಸಿರು ಕಟ್ಟಿದಂತಾಗಿ ಎರಡೆರಡು ದಿಂಬು ಇಟ್ಟುಕೊಂಡ. ಹಜೀರಾಬೀ ಅವನ ಕಾಲು ನೋಡಿ, ಇನ್ನೊಮ್ಮೆ ಬಿಪಿ ನೋಡುತ್ತೇನೆ ಅಂದರು.

"ಡಾಕ್ಟ್ರೇ ಸರಿ ಐತೆ ಅಂದಾರಲ್ಲ!" ಎಂದು ಗದರಿಸಿ ಕಳಿಸಿದ.

ದೀಪಾವಳಿಗೆ ಅಂಜನ್ ಗುತ್ತೂರಿಗೆ ಬಂದಿದ್ದ. ಬೆಳಿಗ್ಗೆ ಹಂಡೆಗೆ ನೀರು ತುಂಬುತ್ತಿದ್ದಾಗ ಒಳಗಿನಿಂದ ಮೈಲಮ್ಮ ಕೂಗಿಕೊಂಡಳು. ಮಾರಣ್ಣ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಮೈಯೆಲ್ಲ ತಣ್ಣನೆಯ ಬೆವರು, ತುಟಿ ಕಪ್ಪಿಟ್ಟಿತ್ತು. ಎಳೆದ ಉಸಿರಿಗೆಲ್ಲ ಎದೆಯಲ್ಲಿ ಗೊರಗೊರ ಸದ್ದು.

"ಹಾರ್ಟ್ ಸರಿ ಐತೆ ಅಂದಾರೆ, ಗ್ಯಾಸೇ ಇರ್ಬೇಕು. ಅಂಜನ್, ಓಡಿ ಹೋಗಿ ಸೋಡಾ ತಗಂಬಾರಪ್ಪ!" ಎಂದಳು ಮೈಲಮ್ಮ.

ಅಂಜನ್ ಕದಲಲಿಲ್ಲ. ಅಣ್ಣನ ಮುಖ ನೋಡಿದ. ಮಾತಾಡಲು ಉಸಿರಿಲ್ಲದ ಮಾರಣ್ಣ ಅಂಥ ಹೊತ್ತಲ್ಲೂ ಹೇಳಬ್ಯಾಡ ಎಂಬಂತೆ ತಲೆ ಆಡಿಸಿದ.

"ಯಾಕ ನಿಂತಿ? ಹೋಗು!"

ಅಂಜನ್‌ಗೆ ಅಳು ಬಂತು. "ಅತ್ತಿಗೆ, ಆವತ್ತು ಕ್ಯಾಂಪಿಗೆ ಅಣ್ಣ ಹೋಗ್ಲಿಲ್ಲ. ನಾನು ಹೋಗಿದ್ದೆ. ಸರಿ ಇರೋದು ನನ್ನ ಹಾರ್ಟು."

ಮೈಲಮ್ಮನಿಗೆ ಗಂಡನನ್ನು ಬೈಯಲೂ ಹೊತ್ತಿರಲಿಲ್ಲ. "ನೂರೆಂಟಕ್ಕೆ ಫೋನ್ ಹಚ್ಚು" ಎಂದವಳೇ ಬರಿಗಾಲಲ್ಲಿ ಹಜೀರಾಬೀ ಮನೆಗೆ ಓಡಿದಳು.

ಹಜೀರಾಬೀ ಬಂದವರೇ, "ಮಲಗಿಸಬ್ಯಾಡ್ರಿ, ನೆಟ್ಟಗೆ ಕೂಡಿಸ್ರಿ. ನೀರು, ಸೋಡಾ ಏನೂ ಕೊಡಬ್ಯಾಡ್ರಿ" ಅಂದರು. ಆಂಬುಲೆನ್ಸ್ ಬರುವವರೆಗೆ ಅಂಜನ್ ಅಣ್ಣನ ಬೆನ್ನಿಗೆ ಎದೆ ಕೊಟ್ಟು ಕೂತ. ಗಾಡಿ ಹರಿಹರ ದಾಟಿ ದಾವಣಗೆರೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೈಲಮ್ಮ ನೆನಪಾದ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಮಾರಣ್ಣ ಉಳಿದ. ಅವನು ಎದ್ದು ಕೂತ ಮೇಲೆ, ಅಂಜನ್‌ನಿಂದ ಕ್ಯಾಂಪಿನ ಸಂಗತಿ ಕೇಳಿದ್ದ ಡಾಕ್ಟರು ಬಿಡಿಸಿ ಹೇಳಿದರು: "ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದು ನಿಮ್ಮ ಹೃದಯ ಸೋತಿದೆ. ರಕ್ತ ತಳ್ಳೋಕೆ ಶಕ್ತಿ ಸಾಲದೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆ ಕ್ಯಾಂಪಲ್ಲೇ ಗೊತ್ತಾಗಿದ್ದರೆ ಮಾತ್ರೆಯಲ್ಲೇ ಹಿಡಿತಕ್ಕೆ ತರಬಹುದಿತ್ತು."

ಮೈಲಮ್ಮ ಸಿಟ್ಟನ್ನೆಲ್ಲ ಆಗ ಕಕ್ಕಿದಳು: "ಕೆಲಸ ಹೋದ್ರೆ ಕೂಲಿ ಮಾಡ್ತಿದ್ವಿ. ನೀನೇ ಹೋಗಿದ್ರೆ ನಾನು ಯಾರನ್ನ ಕೇಳ್ಲಿ?"

ಆ ಕೆಲಸವೇನೋ ಹೋಗೇ ಹೋಯಿತು; ಬಾಯ್ಲರ್ ಮೆಟ್ಟಿಲು ಹತ್ತುವ ಹಾಗಿಲ್ಲ. ಈಗ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾನೆ. ದಿನವೂ ಮಾತ್ರೆ ನುಂಗುತ್ತಾನೆ. ಉಪ್ಪಿನಕಾಯಿ, ಬೀಡಿ ಎರಡನ್ನೂ ಬಿಟ್ಟಿದ್ದಾನೆ.

ಮುಂದಿನ ಕ್ಯಾಂಪಿಗೆ ಮೂವರೂ ಹೋದರು. ಮಾರಣ್ಣ ಡಾಕ್ಟರ ಎದುರು ನಿಂತು ನಡೆದದ್ದನ್ನು ತಾನೇ ಹೇಳಿದ. ಅವರು ಬೈಯಲಿಲ್ಲ. ದಾಖಲೆ ತಿದ್ದಿದರು. "ಬಾಯ್ಲರ್ ಮುಂದೆ ದುಡಿಯೋರೆಲ್ಲ ಹಿಂಗೇ ಮಾಡಿದ್ರೆ, ಅವರಿಗೆ ಏನೂ ತೊಂದರೆ ಇಲ್ಲ ಅಂತ ನಾವು ಬರೆದುಬಿಡ್ತಿದ್ವಿ. ನಿಮ್ಮ ಹಿಂದೆ ಬರೋ ಹುಡುಗರಿಗೆ ಯಾರೂ ಎಚ್ಚರಿಕೆ ಹೇಳ್ತಿರ್ಲಿಲ್ಲ" ಅಂದರು.

ಅಕ್ಕಂದಿರೇ, ಅಣ್ಣಂದಿರೇ, ಕೆಲಸ ಹೋದೀತು ಎಂಬ ಹೆದರಿಕೆ ಸುಳ್ಳಲ್ಲ, ನಮಗೂ ಗೊತ್ತು. ಹೃದಯದ ತಪಾಸಣೆಯವರು ಬಂದರೆ ಮನಸ್ಸಿದ್ದರೆ ಹೋಗಿ, ಇಲ್ಲದಿದ್ದರೆ ಇಲ್ಲ ಎನ್ನಿ. ಹೋದರೆ ಮಾತ್ರ ನೀವೇ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ. ಕ್ಯಾಂಪ್ ಬರಲಿ ಎಂದು ಕಾಯಬೇಡಿ; ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ನೋಡುತ್ತಾರೆ. ಇದನ್ನು ಕೇಳಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮನೆಯವರ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ, ಅವರು ಎಷ್ಟೇ ಬ್ಯಾಡ ಅಂದರೂ ಕೇಳಬೇಡಿ, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.