ಕನ್ನಡಿ ಮಡಿಸುತ್ತಿದ್ದವರು

ಬಾಯಿ ಬಿಡದೆ ಮಾಡಬಹುದಾದ ಕೆಲಸವೆಂದೇ ಅವಳು ಕಾವಲಿಗೆ ಒಪ್ಪಿಕೊಂಡಿದ್ದಳು.

ಆ ಇಕ್ಕಟ್ಟಿನ ಬೀದಿಯಲ್ಲಿ ಬೆಳಗಾಗುವಷ್ಟರಲ್ಲಿ ಯಾವುದೋ ಕಾರಿನ ಪಕ್ಕದ ಕನ್ನಡಿ ಒಡೆದಿರುತ್ತಿತ್ತು. ಇಲ್ಲವೇ ಯಾರದೋ ಗೇಟು ಸೊಟ್ಟಗಾಗಿ, ಕಾಂಪೌಂಡಿನ ಮೂಲೆ ಕಿತ್ತು, ಇಟ್ಟಿಗೆ ಹಲ್ಲು ಕಿರಿಯುತ್ತಿತ್ತು. ಪುಂಡರ ಕೆಲಸವೇ ಸರಿ ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿತು. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಸರದಿ ಹಾಕಿ, ಮನೆಮನೆಗೂ ಸೀಟಿ ಹಂಚಿದರು. "ಯಾರನ್ನೂ ಹಿಡಿಯೋಕೆ ಹೋಗ್ಬೇಡಿ. ಊದಿ, ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

ಸೀಟಿ ಬಂದದ್ದೇ ತಡ, ಒಡೆಯುವುದು ನಿಂತಿತು. ಡಾಕ್ಟರು ಬೀಗಿದರು. ಕಾವಲಿಗೆಂದು ತಾರಸಿ ಹತ್ತಿದವರೆಲ್ಲ ಚಾಪೆ ಹಾಸಿ ಗೊರಕೆ ಹೊಡೆದು ಇಳಿದುಬಂದಿದ್ದರು ಎಂಬುದು ಬೇರೆ ಮಾತು.

ಅವಳ ಮನೆಯ ಸರದಿ ಬಂದಾಗ ಅಪ್ಪನಿಗೆ ಸೊಂಟ ಹಿಡಿದಿತ್ತು. "ನಮ್ಮ ಮೌನಗೌರಿನೇ ಹೋಗ್ಲಿ ಬಿಡಿ," ಎಂದಳು ಅಮ್ಮ. "ಡಿಗ್ರಿ ಮುಗಿಸಿ ಮೂಲೆ ಹಿಡಿದು ಕೂತಿದ್ದಾಳೆ. ಸೀಟಿನಾದ್ರೂ ಊದ್ಲಿ."

ಬೆಳಕು ಇನ್ನೂ ಬೂದಿಬಣ್ಣದಲ್ಲಿದ್ದಾಗ, ಡಾಕ್ಟರ ಕಾರಿನ ಬಳಿ ಯಾರೋ ಬಗ್ಗಿದ್ದು ಅವಳಿಗೆ ಕಂಡಿತು. ಕೈ ಕನ್ನಡಿಯ ಮೇಲಿತ್ತು. ಕನ್ನಡಿ ಅಲುಗಿತು. ಸೀಟಿ ತಾನಾಗಿ ಬಾಯಿಗೆ ಬಂತು. ಅಷ್ಟು ದೊಡ್ಡ ಸದ್ದು ತನ್ನೊಳಗಿಂದ ಹೊರಟೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಬಗ್ಗಿದ್ದವರು ನೆಟ್ಟಗೆ ನಿಂತರು. ಮೂಲೆಮನೆಯ ಡ್ರೈವರ್ ಮಾಮ! ಬಸ್ಸು ಓಡಿಸಿ ನಿವೃತ್ತರಾದವರು. ಯಾಕಮ್ಮ ಮಾತೇ ಆಡಲ್ಲ ಎಂದು ಅವಳನ್ನು ಒಮ್ಮೆಯೂ ಕೇಳದಿದ್ದವರು.

ಬಾಗಿಲುಗಳು ದಡಬಡ ತೆರೆದುಕೊಂಡವು.

"ಏನ್ಸಾರ್, ನೀವಾ?" ಡಾಕ್ಟರು ಬನಿಯನ್ನಿನಲ್ಲೇ ಓಡಿಬಂದಿದ್ದರು.

"ಮಡಿಸ್ತಿದ್ದೆ. ಅಷ್ಟೇ."

"ನನ್ನ ಕಾರಿನ ಕನ್ನಡಿ ನೀವ್ಯಾಕ್ರೀ ಮಡಿಸ್ಬೇಕು?"

ಡ್ರೈವರ್ ಮಾಮ ಏನೋ ಹೇಳಹೋದರು. ಬೀದಿಯ ತುದಿಯತ್ತ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡರು.

"ಸ್ಟೇರಿಂಗ್ ಇಲ್ದೆ ಕೈ ತುರಿಸ್ತಿದೆ ಅನ್ಸುತ್ತೆ!" ಎಂದರು ಯಾರೋ. ನಗು ಎದ್ದಿತು.

ತಾರಸಿಯಿಂದ ಅವಳಿಗೆ ಸಾಲಿಗೆ ಸಾಲೇ ಕಾಣುತ್ತಿತ್ತು. ಮೂಲೆಮನೆಯಿಂದ ಅಲ್ಲಿಯವರೆಗೆ ಎಲ್ಲ ಕಾರುಗಳ ಕನ್ನಡಿಯೂ ಒಳಕ್ಕೆ ಮಡಿಸಿತ್ತು, ಒಂದೂ ಒಡೆದಿರಲಿಲ್ಲ. ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಮಾತು ಗಂಟಲವರೆಗೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಿತು. ಕೆಳಗೆ ಟೈಲರ್ ಅಕ್ಕ ಕೂಗುತ್ತಿದ್ದಳು: "ಬಾಯಿಲ್ಲ ಬಾಯಿಲ್ಲ ಅಂತಿದ್ವಲ್ಲ, ಬೀದಿನೇ ಎಬ್ಬಿಸಿಬಿಟ್ಲು ನೋಡಿ!" ಅಪ್ಪ ಸೊಂಟನೋವು ಮರೆತು ಮೇಲೆ ಬಂದು ಅವಳ ಬೆನ್ನು ತಟ್ಟಿದ.

ಡ್ರೈವರ್ ಮಾಮ ಬೆಳಗಿನ ವಾಕಿಂಗ್ ಬಿಟ್ಟರು. ಕನ್ನಡಿಗಳು ಮತ್ತೆ ಒಡೆಯತೊಡಗಿದವು. "ಸೇಡು ತೀರಿಸ್ಕೋತಿದಾರೆ," ಎಂದಿತು ಬೀದಿ. ಅಂಗಡಿಗೆ ಹೋದರೂ ಜನ ಅವರ ಬೆನ್ನಿಗೆ ಕಣ್ಣು ನೆಟ್ಟಿರುತ್ತಿದ್ದರು.

ತಡೆಯಲಾರದೆ ಅವಳು ಸರದಿಯಿಲ್ಲದ ಒಂದು ನಸುಕಿನಲ್ಲಿ ತಾರಸಿಗೆ ಹೋದಳು. ತಿರುಗಲು ಜಾಗವಿಲ್ಲದ ಬೀದಿಗೆ ಕಸದ ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ಒಂದು ಗೇಟನ್ನು ತಪ್ಪಿಸಲು ವಾಲಿ, ಎದುರು ಬದಿಯ ಕಾರಿನ ಕನ್ನಡಿಗೆ ತಗುಲಿತು. ಲಾರಿಯವನು ಇಳಿದು, ಅತ್ತಿತ್ತ ನೋಡಿ, ಚೂರುಗಳನ್ನು ಆಯ್ದು ಗೋಡೆ ಬದಿಗೆ ಸರಿಸಿ ಹೋದ.

ಸಭೆ ಸೇರಿದ್ದು ಡಾಕ್ಟರ ಕ್ಲಿನಿಕ್ಕಿನಲ್ಲಿ, ಹುಳುಕು ಹಲ್ಲುಗಳ ಚಿತ್ರಗಳ ನಡುವೆ. ಅವಳು ಎದ್ದು ನಿಂತಳು. "ಮಾಮ ಅಲ್ಲ... ಕಸದ ಲಾರಿ. ನಾನೇ ನೋಡ್ದೆ."

"ಅಯ್ಯೋ, ಹೌದಾ!" ಎಂದರು ಎಲ್ಲರೂ. ಡಾಕ್ಟರು ಕೂತಲ್ಲಿಂದಲೇ ಫೋನು ಮಾಡಿ ಕೂಗಾಡಿದರು. ಕೆಲವೇ ದಿನಗಳಲ್ಲಿ ಲಾರಿಗೆ ಬೇರೆಯವನು ಬಂದ. ಮೂಲೆಮನೆಗೆ ಮಾತ್ರ ಯಾರೂ ಹೋಗಲಿಲ್ಲ.

ಅವಳು ಹೋದಳು. ಡ್ರೈವರ್ ಮಾಮ ಹೊರಗಿನ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದರು.

"ತಪ್ಪಾಯ್ತು ಮಾಮ."

"ನಿಂದೇನಮ್ಮ ತಪ್ಪು? ಊದು ಅಂದ್ರು, ಊದಿದೆ."

"ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

ಲೋಟವನ್ನು ಬೋರಲು ಹಾಕಿದರು. "ಹೇಳಿದ್ರೆ ಅವನ ಕೆಲಸ ಹೋಗುತ್ತೆ ಅಂತ ಗೊತ್ತಿತ್ತಲ್ಲ. ಹೊಸಬ. ಇಷ್ಟು ಇಕ್ಕಟ್ಟಲ್ಲಿ ರಿವರ್ಸು ಶುರುವಲ್ಲಿ ನಂಗೂ ಬರ್ತಿರ್ಲಿಲ್ಲ. ಸೀಟಿ ಹಂಚಿದಾಗಿಂದ ದಿನಾ ಕನ್ನಡಿ ಮಡಿಸಿಡ್ತಿದ್ದೆ, ಸಲೀಸಾಗಿ ಹೋಗ್ತಿದ್ದ. ವಾಕಿಂಗ್ ಮುಗಿಸಿ ಬರ್ತಾ ಬಿಡಿಸಿಡ್ತಿದ್ದೆ. ಇನ್ನೊಂದಷ್ಟು ದಿನ ಕಳೆದಿದ್ರೆ ಅವನ ಕೈ ಪಳಗ್ತಿತ್ತು." ಒದ್ದೆ ಕೈ ಒರೆಸಿಕೊಳ್ಳುತ್ತಾ, "ಈಗ ಎಲ್ಲಿದಾನೋ, ಪಾಪ," ಎಂದರು.

ಅವಳು ಬಗ್ಗಿ, ಇನ್ನೂ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು.

ಅವರ ವಾಕಿಂಗ್ ಮತ್ತೆ ಶುರುವಾಯಿತು. ಆದರೆ ಈಗ ಅವರು ರಸ್ತೆಯ ನಟ್ಟನಡುವೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಒಂದು ಬೆಳಗ್ಗೆ ಅವಳ ಮನೆ ಮುಂದೆ ದೂರದಲ್ಲೇ ನಿಂತು ಕೂಗಿದರು: "ಯಾರಮ್ಮ ಒಳಗೆ? ಸ್ಕೂಟರಲ್ಲಿ ಕೀ ಬಿಟ್ಟಿದೀರಿ, ಲೈಟು ಉರೀತಿದೆ!"

ಅವಳು ತಾರಸಿಯಿಂದ ಬಗ್ಗಿ, ಇಡೀ ಬೀದಿಗೆ ಕೇಳಲೆಂದೇ ಗಂಟಲು ಹರಿಯುವಂತೆ ಕೂಗಿದಳು: "ನೀವೇ ಆರಿಸಿಬಿಡಿ ಮಾಮ!"

ಅವರು ನಕ್ಕು ತಲೆಯಾಡಿಸಿದರು. "ಬೇಡಮ್ಮ. ನೀನೇ ಬಾ."

ಅವಳು ಮೆಟ್ಟಿಲಿಳಿದು ಬಂದು ಕೀ ತಿರುಗಿಸುವವರೆಗೂ, ಕಟ್ಟಿದ ಕೈ ಬಿಚ್ಚದೆ, ಅವರು ರಸ್ತೆಯ ನಡುವೆಯೇ ನಿಂತಿದ್ದರು.