ಕೆಂಪು ಆರಬಾರದು

ಸತ್ತವರ ಮನೆಯ ಮಾತನ್ನು ಹೊರಗಿನವರು ಬರೆಯಬಾರದು ಎಂಬುದು ಗೊತ್ತಿದೆ. ಬರೆದು ಹರಿದು, ಮತ್ತೆ ಬರೆದು, ಕೊನೆಗೆ ಉಳಿದದ್ದು ಇಷ್ಟು. ಎಲ್ಲಾದರೂ ದನಿ ಏರಿದ್ದರೆ ಕ್ಷಮಿಸಬೇಕು. ಏರಿಸಬಾರದು ಎಂದುಕೊಂಡೇ ಬರೆಯಲು ಕೂತದ್ದು.

“ಯಾರಾದ್ರೂ ಆ ಟಿ.ವಿ. ಆರಿಸ್ರಪ್ಪಾ!” ಎಂದು ಆ ಮನೆಯ ಅಣ್ಣ-ತಂಗಿಯರಲ್ಲಿ ಅಣ್ಣ ಕೂಗಿದಾಗ ನಾಲ್ಕು ಜನ ಸೇರಿ ಅಮ್ಮನನ್ನು ಮಂಚದಿಂದ ಸ್ಟ್ರೆಚರಿಗೆ ಎತ್ತುತ್ತಿದ್ದರು. ಕಾಲಿನ ಕಡೆ ಹಿಡಿದವನು ಗಾಬರಿಯಾಗಿ ನಿಂತುಬಿಟ್ಟ. ತಲೆಯ ಕಡೆ ಹಿಡಿದಿದ್ದ ಮುದುಕ ಟೈಲರ್, “ನೀನು ಎತ್ತಪ್ಪಾ, ನಿನಗಲ್ಲ ಹೇಳಿದ್ದು” ಎಂದ.

ಟಿ.ವಿ.ಯಲ್ಲಿ ಸದ್ದಿರಲಿಲ್ಲ. ಅಮ್ಮ ಎಂದೂ ಸದ್ದು ಇಡುತ್ತಿರಲಿಲ್ಲ. ಪರದೆಯ ಕೆಳಗೆ ಕೆಂಪು ಪಟ್ಟಿ ಮಾತ್ರ ಓಡುತ್ತಿತ್ತು. ರಿಮೋಟು ನಿನ್ನೆಯಿಂದ ಯಾರಿಗೂ ಸಿಕ್ಕಿರಲಿಲ್ಲ. ಗೋಡೆಯ ಸ್ವಿಚ್ಚು ಒತ್ತಿದರೆ ಲೈಟೂ ಹೋಗುತ್ತಿತ್ತು. ಹಳೆಯ ವೈರಿಂಗು, ಎರಡಕ್ಕೂ ಅದೊಂದೇ ಸ್ವಿಚ್ಚು. ಹೆಣ ಇಟ್ಟುಕೊಂಡು ಕತ್ತಲಲ್ಲಿ ಹೇಗೆ ಕೂರುವುದು? ಹಾಗಾಗಿ ರಾತ್ರಿಯೆಲ್ಲ ಆ ಪಟ್ಟಿ ಅಮ್ಮನ ಮುಖದ ಮೇಲೆ ಕೆಂಪಗೆ ಬಿದ್ದೇ ಇತ್ತು.

“ನಿನ್ನ ಚಾನೆಲ್ ತಾನೆ? ಫೋನ್ ಮಾಡಿ ಹೇಳು, ಸ್ವಲ್ಪ ಹೊತ್ತು ಬಾಯಿ ಮುಚ್ಕೊಳ್ಳಿ ಅಂತ” ಎಂದ ಅಣ್ಣ, ತಂಗಿಯ ಮುಖ ನೋಡದೆ.

ಆ ಕೆಂಪು ಪಟ್ಟಿಯ ಸಾಲುಗಳನ್ನು ಬರೆಯುವುದೇ ತಂಗಿಯ ಕೆಲಸ.

ಬಾಗಿಲಲ್ಲಿ ಅವಳು ಪಕ್ಕದ ಮನೆಯಾಕೆಯ ಕೈ ಹಿಡಿದುಕೊಂಡಳು. ಸಂಬಂಧವೇನೂ ಇಲ್ಲ, ಆದರೂ ಚಿಕ್ಕಂದಿನಿಂದ ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. “ಚಿಕ್ಕಮ್ಮ, ಎದೆನೋವು ಅಂತ ಆಸ್ಪತ್ರೆಗೆ ಹೊರಟವರು ಯಾಕೆ ವಾಪಸ್ ಕೂತ್ರು? ಬಾಡಿಗೆ ಗಾಡಿ ಬಂದಿತ್ತಂತಲ್ಲ. ಏನಂದ್ರು?”

“ಈಗ ಬೇಡ ಕಣೇ.”

“ಅದೊಂದು ಹೇಳಿ.”

“ಆಮೇಲೆ ಹೇಳ್ತೀನಿ ಅಂದ್ನಲ್ಲ. ಮೊದಲು ಏನಾದ್ರೂ ಕುಡಿ. ಮನೇಲಿ ಒಂದು ತೊಟ್ಟು ಹಾಲಿರಲಿಲ್ಲ, ನಮ್ಮನೆಯಿಂದ ತಂದಿಟ್ಟಿದೀನಿ.”

ಮಗಳು ಹಿಡಿದಿದ್ದ ಕೈ ಬಿಟ್ಟಳು. “ಹಾಲಿರಲಿಲ್ವಾ?”

“ಮೊನ್ನೆಯಿಂದ ಇಲ್ಲ, ನೀನು ಡಬಲ್ ಡ್ಯೂಟಿ ಅಂತ ಮನೆಗೆ ಬಂದಿರ್ಲಿಲ್ವಲ್ಲ. ಎರಡು ದಿನದಿಂದ ಕರೀ ಕಾಫಿನೇ ಕುಡೀತಾ ಇದ್ರು ಪಾಪ.”

*

ಬೀದಿಗೆಲ್ಲ ಅವರು ಕಾಜಾ ಅಮ್ಮ. ಸುತ್ತಿನ ಟೈಲರುಗಳು ಹೊಲಿದ ಶರ್ಟುಗಳು ಗುಂಡಿಗೆ, ಗುಂಡಿ ತೂರಿಸುವ ಕಾಜಾಗಳಿಗೆ ಆಕೆಯ ಹತ್ತಿರ ಬರುತ್ತಿದ್ದವು. ಕಾಜಾ ಮಾಡಲು ಮೊದಲು ಬಟ್ಟೆಯನ್ನು ಚೂಪಾದ ಕತ್ತರಿಯಿಂದ ಸೀಳಬೇಕು. ಆಮೇಲೆ ಸೀಳಿದ ಅಂಚಿನ ಸುತ್ತ ಒತ್ತೊತ್ತಾಗಿ ದಾರ ಹಾಕಿ ಬಿಗಿಯಬೇಕು. ಸೀಳಿ ಹಾಗೇ ಬಿಟ್ಟರೆ ಎಳೆ ಬಿಚ್ಚಿಕೊಂಡು ಶರ್ಟೇ ಹಾಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಆಕೆ ಬೆಳೆಸಿದ್ದು ಈ ತೂತುಗಳಿಂದಲೇ. “ನಿಮ್ಮಪ್ಪ ಮನೆ ಕಟ್ಟಿಸ್ಲಿಲ್ಲ, ನಾನು ಕಿಟಕಿ ಮಾತ್ರ ಇಟ್ಟೆ” ಎಂದು ನಗುತ್ತಿದ್ದಳು.

ಮಗಳಿಗೆ ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿದಾಗ ಅಮ್ಮ ಟಿ.ವಿ.ಯನ್ನು ತಾನು ಕೂರುವ ಜಾಗದ ಎದುರಿಗೆ ಹಾಕಿಸಿಕೊಂಡಳು. ಅದರ ಕಿರುಚಾಟಕ್ಕೆ ಬೆಚ್ಚಿ ಸೂಜಿ ಬೆರಳಿಗೆ ಚುಚ್ಚುತ್ತಿತ್ತು, ಅದಕ್ಕೆ ಸದ್ದು ತೆಗೆದಳು. ಒಂದು ಕಾಜಾ ಮುಗಿಸಿ ತಲೆಯೆತ್ತಿ ಒಂದು ಸಾಲು ಓದುವುದು, ಮತ್ತೆ ಸೂಜಿಗೆ ಬಗ್ಗುವುದು. ಟೈಲರ್ ಬಂದರೆ, “ನೋಡಿ, ಈ ಸಾಲು ನಮ್ಮ ಹುಡುಗೀದು” ಎನ್ನುವಳು.

ಮಗಳು ಕೆಲಸ ಮಾಡುವ ಸುದ್ದಿ ವಿಭಾಗದ ಯಜಮಾನನನ್ನು ಆಫೀಸಿನವರೆಲ್ಲ ಬೆನ್ನ ಹಿಂದೆ ಕೆಂಪಣ್ಣ ಎನ್ನುತ್ತಿದ್ದರು. ‘ಕೆಂಪು ಆರಬಾರದು’ ಎಂಬುದು ಅವನ ಕಟ್ಟಪ್ಪಣೆ. ಸುದ್ದಿ ಇರಲಿ ಬಿಡಲಿ, ಪರದೆಯ ಕೆಳಗೆ ಕೆಂಪು ಓಡುತ್ತಲೇ ಇರಬೇಕು. ಬೆರಳು ತಡವರಿಸಬಾರದೆಂದು ಕೀಬೋರ್ಡಿನ ಮೇಲಿನ ಸಾಲಿನ ಕೀಲಿಗಳಿಗೆ ಪದಗಳನ್ನೇ ತುಂಬಿಸಿಟ್ಟಿದ್ದರು. ಒಂದು ಒತ್ತಿದರೆ ‘ಬೆಚ್ಚಿಬಿದ್ದ ನಗರ’. ಪಕ್ಕದ್ದು ಒತ್ತಿದರೆ ‘ಅಗ್ನಿ ತಾಂಡವ’. ಅದರಾಚೆ ‘ಕ್ಷಣಗಣನೆ’, ‘ಜೀವ ಪಣಕ್ಕೆ’, ‘ಬಲಿ’, ‘ಮರಣ ಮೃದಂಗ’. ಮೋಡ ಕಟ್ಟಿದರೆ ಜಲಪ್ರಳಯ, ಈರುಳ್ಳಿ ದುಬಾರಿಯಾದರೆ ಹಾಹಾಕಾರ. ‘ಎಚ್ಚರಿಕೆ’ ಎಂಬ ಪದಕ್ಕೂ ಹಿಂದೆ ಒಂದು ಕೀಲಿ ಇತ್ತಂತೆ. ಅದು ಸಪ್ಪೆ ಎಂದು ಹೇಳಿ ತೆಗೆಸಿದ್ದ ಕೆಂಪಣ್ಣ.

ಒಮ್ಮೆ ಆಕಾಶದ ಯಾವುದೋ ಕಲ್ಲು ಭೂಮಿಯ ಕಡೆ ಬರುತ್ತಿದೆ ಎಂದು ದಿನವೆಲ್ಲ ಕ್ಷಣಗಣನೆ ಓಡಿತು. ಮಗಳು ಮನೆಗೆ ಬಂದರೆ ಅಮ್ಮ ಊಟ ಬಿಟ್ಟು ಕಾಜಾ ಹಾಕುತ್ತಿದ್ದಳು. ಬೆರಳುಗಳು ಊದಿದ್ದವು.

“ಏನಮ್ಮಾ ಇದು?”

“ಲೋಕ ಮುಳುಗೋದಾದ್ರೆ ಮುಳುಗಲಿ. ಟೈಲರ್ ಶರ್ಟ್ ಬಾಕಿ ಇಟ್ಕೊಂಡು ನಾನು ಮುಳುಗಲ್ಲ.”

ಮಗಳು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಆ ಕಲ್ಲು ಹಾದು ಹೋಗುವುದು ಚಂದ್ರನಿಂದಲೂ ಎಷ್ಟೋ ಆಚೆ ಎಂದು ಹೇಳಿದಳು.

“ಮತ್ತೆ ನೀನೇ ಬರೆದಿದೀಯಲ್ಲೇ?”

“ಹಾಗೇ ಬರೀಬೇಕಮ್ಮ ಅಲ್ಲಿ.”

“ನನಗೆ ಹೇಗೆ ಗೊತ್ತಾಗ್ಬೇಕು, ಯಾವುದು ನಿಜ, ಯಾವುದು ಹಾಗೇ ಬರೆಯೋದು ಅಂತ?”

ಮಗಳು ಸ್ವಲ್ಪ ಯೋಚಿಸಿದಳು. ಕೆಲಸದ ಹೊತ್ತಿನಲ್ಲಿ ಆಫೀಸಿನವರು ಎಲ್ಲರ ಫೋನುಗಳನ್ನು ಹೊರಗಿನ ಕಪಾಟಿನಲ್ಲಿ ಇರಿಸಿಬಿಡುತ್ತಿದ್ದರು. “ಡ್ಯೂಟಿ ಹೊತ್ತಲ್ಲಿ ನಾನು ಯಾವತ್ತಾದ್ರೂ ಫೋನ್ ಮಾಡ್ತೀನಾ? ಇಲ್ಲ ತಾನೆ? ನಿಜವಾಗ್ಲೂ ಅಪಾಯ ಇದ್ರೆ ಹೇಗಾದ್ರೂ ಎದ್ದು ಬಂದು ಮಾಡ್ತೀನಿ. ನನ್ನ ಫೋನ್ ಬಂದ್ರೆ ನಿಜ. ಬರ್ಲಿಲ್ವಾ, ನೀನು ಕಾಜಾ ಹಾಕ್ಕೊಂಡಿರು.”

“ಹಾಗನ್ನು ಮತ್ತೆ” ಎಂದು ಅಮ್ಮ ಊಟಕ್ಕೆ ಎದ್ದಳು. ಆಮೇಲೆ ವರ್ಷಗಟ್ಟಲೆ ಪ್ರಳಯಗಳು ಬಂದವು, ಹೋದವು. ಮಗಳ ಫೋನು ಬರಲಿಲ್ಲ. ಅಮ್ಮ ನೆಮ್ಮದಿಯಾಗಿ ಹೊಲಿದಳು. ಮಗಳಿಗೆ ಆ ಮಾತು ಮರೆತೇ ಹೋಯಿತು.

*

ಶವದ ಗಾಡಿಯಲ್ಲಿ ಅಮ್ಮನ ಒಂದು ಪಕ್ಕ ಅಣ್ಣ, ಟೈಲರ್. ಇನ್ನೊಂದು ಪಕ್ಕ ಮಗಳು, ಚಿಕ್ಕಮ್ಮ. ಟೈಲರ್ ಆ ಆಕಾಶದ ಕಲ್ಲಿನ ಕತೆ ಹೇಳುತ್ತಿದ್ದ. “ಮಾರನೇ ದಿನ ಬೆಳಗ್ಗೆನೇ ಶರ್ಟೆಲ್ಲ ರೆಡಿ! ನಾನಂದೆ, ಅಮ್ಮಾ, ತಿಂಗಳಿಗೊಂದು ಸಲ ಲೋಕ ಮುಳುಗಿದ್ರೆ ನನ್ನ ಅಂಗಡಿ ಉದ್ಧಾರ ಆಗುತ್ತೆ ಅಂತ.” ಅಣ್ಣನಿಗೂ ನಗು ಬಂತು. ಬಂದದ್ದಕ್ಕೆ ಸಿಟ್ಟಾಗಿ ಹೊರಗೆ ನೋಡಿದ.

ಆ ಸದ್ದಿನ ಮರೆಯಲ್ಲಿ ಚಿಕ್ಕಮ್ಮ ಮೆಲ್ಲಗೆ ಹೇಳಿದಳು. “ನಿನ್ನೆ ಬಾಡಿಗೆ ಗಾಡಿ ಬಂದು ನಿಂತಿತ್ತು. ಚಪ್ಪಲಿ ಮೆಟ್ಟಿದ್ರು. ಟಿ.ವಿ.ಲಿ ಅದೇ ಆಸ್ಪತ್ರೆಗೆ ಬೆಂಕಿ ಅಂತ ಬರ್ತಾ ಇತ್ತು. ನಾನು ಬೇಡ, ಬೇರೆ ಕಡೆ ಹೋಗೋಣ ಅಂದೆ. ಅವರೇ, ‘ಅದೆಲ್ಲ ಹಾಗೇ ಬರೀತಾರೆ, ನಡಿ’ ಅಂದ್ರು. ಅಷ್ಟರಲ್ಲಿ ಫೋನ್ ಬಂತು.”

“ನಂದು.”

“ನಿಂದು. ಮಾತಾಡಿ ಇಟ್ರು. ಸ್ವಲ್ಪ ಹೊತ್ತು ಫೋನನ್ನೇ ನೋಡ್ತಾ ನಿಂತ್ರು. ಆಮೇಲೆ ಚಪ್ಪಲಿ ಬಿಟ್ರು. ‘ನೋವು ಕಮ್ಮಿ ಆಯ್ತು, ಗಾಡಿ ಕಳಿಸು’ ಅಂದ್ರು. ಅಷ್ಟೇ ಕಣೇ. ಸಂಜೆ ನಾನು ಹೋಗಿ ನೋಡ್ತೀನಿ, ಸೂಜಿ ಕೈಲೇ ಇದೆ.”

ಗಾಡಿ ಕುಲುಕಿದಾಗ ಅಮ್ಮನ ಕೈ ಬಟ್ಟೆಯಿಂದ ಆಚೆ ಬಂತು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಚರ್ಮ. ಮಗಳು ಆ ಕೈಯನ್ನು ಒಳಗಿಟ್ಟಳು.

*

ಹಿಂದಿನ ದಿನ ಆಸ್ಪತ್ರೆಯಲ್ಲಿ ಸುಟ್ಟದ್ದು ಪಡಸಾಲೆಯ ಒಂದು ಸ್ವಿಚ್ ಬೋರ್ಡು. ಕಾವಲಿನವನು ಒಂದು ಬಕೆಟ್ ಮರಳು ಎರಚಿ ಆರಿಸಿದ್ದ. ವರದಿಗಾರ ಕಳಿಸಿದ್ದೂ ಅಷ್ಟನ್ನೇ. ಮಗಳು ಹಾಗೇ ಬರೆದಳು. ‘ಆಸ್ಪತ್ರೆಯಲ್ಲಿ ಸ್ವಿಚ್ ಬೋರ್ಡಿಗೆ ಬೆಂಕಿ, ಕೂಡಲೇ ನಂದಿಸಲಾಗಿದೆ, ಯಾರಿಗೂ ತೊಂದರೆಯಿಲ್ಲ.’

ಕೆಂಪಣ್ಣ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. “ಇದೇನಮ್ಮಾ, ಕ್ಷೇಮ ಸಮಾಚಾರನಾ?”

“ಆದದ್ದು ಇಷ್ಟೇ ಸಾರ್. ಹೆದರಿ ಜನ ಆಸ್ಪತ್ರೆಗೆ ಬರದೆ ಹೋದ್ರೆ?”

“ಮರಳಿನ ಬಕೆಟ್ ನೋಡೋಕೆ ಯಾರಮ್ಮ ಟಿ.ವಿ. ಹಾಕ್ತಾರೆ? ತಾಂಡವ ಒತ್ತು.”

ಅವಳು ಒತ್ತಿದಳು. ‘ಆಸ್ಪತ್ರೆಯಲ್ಲಿ ಅಗ್ನಿ ತಾಂಡವ! ರೋಗಿಗಳ ಜೀವ ಪಣಕ್ಕೆ! ಬೆಚ್ಚಿಬಿದ್ದ ನಗರ!’ ಮೂರು ಒತ್ತು, ನಡುವೆ ಎರಡು ಪದ. ಒತ್ತಿ ಎದ್ದು ಹೊರಗೆ ಬಂದಳು. ಕಪಾಟಿನಿಂದ ಫೋನು ತೆಗೆಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಅಮ್ಮನ ದನಿ ಕೇಳಬೇಕೆನಿಸಿತ್ತು, ಬೇರೇನಿಲ್ಲ. ಆದರೆ ಏನಾದರೂ ಕೇಳಬೇಕಲ್ಲ.

“ಅಮ್ಮಾ, ಬರ್ತಾ ಹಾಲು ತರ್ಬೇಕಾ?”

“ಬೇಡ, ಇದೆ. ನಿನ್ನ ಊಟ ಆಯ್ತಾ?”

“ಆಯ್ತು.”

“ಹುಷಾರು ಕಣೇ” ಎಂದಳು ಅಮ್ಮ. ಫೋನು ಇಟ್ಟಳು.

*

ಮಣ್ಣು ಹಾಕಿ ಮುಗಿಯುವ ಹೊತ್ತಿಗೆ ಒಂದು ಕಾರು ಬಂತು. ಕೆಂಪಣ್ಣ ಇಳಿದ. ಹಿಂದೆ ಡ್ರೈವರು ಗಾಲಿಯಷ್ಟು ದೊಡ್ಡ ಹೂವಿನ ಚಕ್ರ ಹೊತ್ತುಕೊಂಡು ಬಂದ. ಅಡ್ಡ ಪಟ್ಟಿಯ ಮೇಲೆ ಚಾನೆಲ್ಲಿನ ಹೆಸರು ಕೆಂಪಕ್ಷರದಲ್ಲಿ. ಅದನ್ನು ಹಸಿಮಣ್ಣಿಗೆ ಒರಗಿಸಿ ಕೆಂಪಣ್ಣ ಕೈಮುಗಿದ.

“ನಿಮ್ಮ ದುಃಖದಲ್ಲಿ ನಾವೆಲ್ಲ ಇದೀವಮ್ಮ” ಎಂದ. ಆಮೇಲೆ ದನಿ ತಗ್ಗಿಸಿ, “ರಾತ್ರಿ ನಿಮ್ಮಣ್ಣ ಆಫೀಸಿಗೆ ಫೋನ್ ಮಾಡಿ ಬೈದ್ರಂತೆ. ಆಸ್ಪತ್ರೆಗೆ ಹೋಗೋಕೆ ಅಮ್ಮ ಹೆದರಿದ್ರು ಅಂತ. ಬೈಲಿ ಪಾಪ, ನಾವು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ವಿಷಯ ದೊಡ್ಡದು. ಆಸ್ಪತ್ರೆಯವರ ಬೇಜವಾಬ್ದಾರಿಗೆ ಒಂದು ಜೀವ ಹೋಗಿದೆ. ಅಮ್ಮಂದು ಒಂದು ಫೋಟೋ ಇದ್ರೆ ಕೊಡಿ. ಹೆಸರು ಹಾಕಲ್ಲ. ಜನಕ್ಕೂ ಎಚ್ಚರ ಆಗುತ್ತೆ.”

ಮಗಳು ಅವನನ್ನೇ ನೋಡಿದಳು. “ಯಾವ ಕೀ ಸಾರ್?”

“ಏನಮ್ಮಾ?”

“ನಮ್ಮಮ್ಮಂಗೆ ಯಾವ ಕೀ ಒತ್ತುತ್ತೀರಿ ಅಂದೆ. ಬಲಿನಾ, ಮೃದಂಗನಾ?”

“ನೀವು ಈಗ ಸಮಾಧಾನದಲ್ಲಿಲ್ಲ...”

“ಇಲ್ಲ. ಸಮಾಧಾನದಲ್ಲಿ ಇದ್ದಾಗ ಇಷ್ಟು ವರ್ಷ ನೀವು ಹೇಳಿದ್ದು ಒತ್ತಿದೆ. ಮೋಡಕ್ಕೆ ಪ್ರಳಯ ಅಂದೆ. ಯಾವನೋ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿ ಬಿದ್ರೆ ರಸ್ತೆಯಲ್ಲಿ ಮೃತ್ಯುಕೂಪ ಅಂದೆ. ಒಂದು ಬಕೆಟ್ ಮರಳು ಸಾರ್! ಒಂದು ಬಕೆಟ್ ಮರಳಲ್ಲಿ ಆರಿದ್ದನ್ನ ನಾವು ಇಡೀ ದಿನ ಉರಿಸಿದ್ವಿ!”

ಗುದ್ದಲಿ ಹಿಡಿದವನು ಕೆಲಸ ನಿಲ್ಲಿಸಿದ. ಕೆಂಪಣ್ಣನ ಮುಖ ಬಿಗಿಯಿತು. “ಜೋರು ಬೇಡಮ್ಮ. ಬರೆದದ್ದು ನೀವು.”

“ಹೌದು, ನಾನು. ಅದಕ್ಕೇ ಈ ಮಣ್ಣಿನ ಮುಂದೆ ನಾನು ನಿಂತಿದೀನಿ. ನೀವ್ಯಾಕೆ ನಿಂತಿದೀರಿ?”

ನಿನ್ನೆಯಿಂದ ತಂಗಿಯ ಮುಖ ನೋಡದಿದ್ದ ಅಣ್ಣ ಬಂದು ಹೂವಿನ ಚಕ್ರ ಎತ್ತಿಕೊಂಡ. ನೇರ ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆರೆದು ತುರುಕಿದ. ಅದು ಹಿಡಿಸಲಿಲ್ಲ. ಅಡ್ಡ ಮಾಡಿ ತಳ್ಳಿದ, ಮೊಣಕಾಲಿನಿಂದ ಒದ್ದ, ಹೂವು ಉದುರಿದವು, ಬಿದಿರು ಮುರಿಯಿತು. “ಅಯ್ಯೋ ಸೀಟು ಹರಿಯುತ್ತೆ ಸಾರ್” ಎಂದು ಡ್ರೈವರು ಕೈಕೈ ಹಿಸುಕಿದ. “ಹರೀಲಿ. ಬೆಚ್ಚಿಬಿದ್ದ ಕಾರು ಅಂತ ಹಾಕ್ಕೊಳ್ಳಿ” ಎಂದ ಅಣ್ಣ. ಟೈಲರ್ ಮುಖ ಆಚೆ ತಿರುಗಿಸಿಕೊಂಡ.

*

ಸಂಜೆ ಎಲ್ಲರೂ ಹೊರಟ ಮೇಲೆ ಮನೆಯಲ್ಲಿ ಮಗಳು ಒಬ್ಬಳೇ ಉಳಿದಳು. ಪರದೆಯ ಕೆಳಗೆ ಕೆಂಪು ಓಡುತ್ತಿತ್ತು. ‘ಆಸ್ಪತ್ರೆ ಭೀತಿಗೆ ವೃದ್ಧೆ ಬಲಿ! ಬೆಚ್ಚಿಬಿದ್ದ ನಗರ!’ ಫೋಟೋ ಇರಲಿಲ್ಲ. ಅವಳ ಕುರ್ಚಿಯಲ್ಲಿ ಇನ್ಯಾರೋ ಕೂತು ಒತ್ತಿದ್ದರು.

ಅವಳು ಕಿಟಕಿಯಿಂದ ನೋಡಿದಳು. ಎದುರು ಮನೆಯವನು ಸೈಕಲ್ಲು ಒರೆಸುತ್ತಿದ್ದ. ಒಬ್ಬ ಹೆಂಗಸು ಒಣಗಿದ ಬಟ್ಟೆ ಮಡಚುತ್ತ ಇನ್ನೊಬ್ಬಳಿಗೆ ಏನೋ ಹೇಳಿ ನಗುತ್ತಿದ್ದಳು. ನಗರ ಬೆಚ್ಚಿಬಿದ್ದಿರಲಿಲ್ಲ. ಅದು ಬೆಚ್ಚುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಬೆಚ್ಚುವವಳು ಈ ಬೀದಿಯಲ್ಲಿ ಒಬ್ಬಳಿದ್ದಳು, ಅವಳೂ ಮಗಳ ಫೋನು ಬಂದರೆ ಮಾತ್ರ.

ಗೋಡೆಯ ಸ್ವಿಚ್ಚು ಒತ್ತಿದಳು. ಕೆಂಪು ಹೋಯಿತು, ಲೈಟೂ ಹೋಯಿತು. ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತು ಕೈಗೆ ಸಿಕ್ಕಿದ ಶರ್ಟನ್ನು ಮಡಿಲಿಗೆ ಎಳೆದುಕೊಂಡಳು. ಕತ್ತಲಲ್ಲೇ ಬೆರಳಾಡಿಸಿದಳು. ಕತ್ತಿನಿಂದ ಕೆಳಗೆ ಒಂದೊಂದು ಕಾಜಾವೂ ಬಿಗಿಯಾಗಿ, ದುಂಡಗೆ ಸಿಕ್ಕಿತು. ಕೊನೆಯದನ್ನು ಅಮ್ಮ ಸೀಳಿ ಹಾಗೇ ಬಿಟ್ಟಿದ್ದಳು. ಬೆರಳು ತಾಗಿದಲ್ಲೆಲ್ಲ ಎಳೆ ಬಿಚ್ಚಿಕೊಳ್ಳುತ್ತಿತ್ತು. ಇನ್ನಷ್ಟು ಬಿಚ್ಚದಂತೆ ಅವಳು ಎರಡು ಬೆರಳಿನಿಂದ ಆ ಸೀಳನ್ನು ಒತ್ತಿ ಹಿಡಿದು ಕೂತಳು.

ಮನೆಯಲ್ಲಿ ಹಾಲಿರಲಿಲ್ಲ. ‘ಇದೆ’ ಎಂದು ಅಮ್ಮ ಏಕೆ ಹೇಳಿದಳೋ ತಿಳಿಯದು. ಆ ಕರೆಯನ್ನು ಅಪಾಯದ ಗುರುತೆಂದುಕೊಂಡಳೋ, ಮಗಳು ಹಾಲಿಗೆಂದು ತಡಮಾಡದೆ ಬೇಗ ಮನೆ ಸೇರಲಿ ಎಂದುಕೊಂಡಳೋ, ಅಥವಾ ನೋವು ನಿಜಕ್ಕೂ ಕಮ್ಮಿಯಾಗಿತ್ತೋ, ಅದೂ ತಿಳಿಯದು.