ತಿಪ್ಪಮ್ಮ ವೈರ್ ಕಿತ್ತರು

ಸೊಕ್ಕೆಯ ಮಹಿಳಾ ಸಂಘದ ಮೆಕ್ಕೆಜೋಳ ಒಣಗಿಸುವ ಯಂತ್ರವನ್ನು ಕಟ್ಟಿದ್ದು ನಮ್ಮಪ್ಪ, ಜಗಳೂರಿನ ವೆಲ್ಡಿಂಗ್ ಅಂಗಡಿಯ ಅಲ್ಲಾಬಕ್ಷ್. ಅದನ್ನು ನಡೆಸುವ ಪ್ರೋಗ್ರಾಂ ಬರೆದದ್ದು ನಾನು, ಬುಶ್ರಾ. ಹೋದ ವರ್ಷ ಎಂಟು ಚೀಲ ಕಾಳು ಸುಟ್ಟು ಕರಕಲು ಮಾಡಿದ್ದೂ ನಾನೇ.

ಶಾಖ ಅಳೆಯುವ ಸೆನ್ಸರ್‌ನ ವೈರನ್ನು ಇಲಿ ಕಡಿದಿತ್ತು. ಪ್ರೋಗ್ರಾಂ ಅರ್ಧಕ್ಕೇ ನಿಂತಿತು, ಹೀಟರ್ ಮಾತ್ರ ಉರಿಯುತ್ತಲೇ ಇತ್ತು. ಎಲ್ಲರೂ ಇಲಿಯನ್ನು ಬೈದರು. ಆದರೆ ಹೀಟರ್ ಆಫ್ ಮಾಡುವ ಸಾಲನ್ನು ಕಟ್ಟಕಡೆಗೆ ಬರೆದ ಜಾಣೆ ನಾನು. ನಡುವೆ ಮುಗ್ಗರಿಸಿದ ಪ್ರೋಗ್ರಾಂ ಅಲ್ಲಿಯವರೆಗೆ ಹೋಗುವುದಾದರೂ ಹೇಗೆ?

ಈ ಸಲ ಆನ್ ಮಾಡುವ ಸಾಲಿನ ಕೆಳಗೇ ಆಫ್ ಮಾಡುವುದನ್ನೂ ಬರೆದಿಟ್ಟೆ. ಪ್ರೋಗ್ರಾಂ ಒಣಗಿಸುವ ಕೆಲಸ ಮುಗಿಸಿ ಹೊರಬಿದ್ದರೂ ಸರಿ, ಕೆಟ್ಟು ಹೊರಬಿದ್ದರೂ ಸರಿ, ಹೀಟರ್ ಆಫ್ ಮಾಡಿ, ಹತ್ತು ನಿಮಿಷ ಫ್ಯಾನ್ ತಿರುಗಿಸಿಯೇ ಹೋಗಬೇಕು.

ಹೊರಗೆ ಮಳೆಗೆ ನೆಂದ ಮೂವತ್ತು ಚೀಲ ಕಾದಿದ್ದವು. ಇವತ್ತು ಒಣಗದಿದ್ದರೆ ಬೂಸ್ಟು ಗ್ಯಾರಂಟಿ. ಸಂಘದ ಅಧ್ಯಕ್ಷೆ ತಿಪ್ಪಮ್ಮ ಪರೀಕ್ಷೆಗೆಂದು ಒಂದೇ ಬುಟ್ಟಿ ಕಾಳು ಕೊಟ್ಟರು. ಅದು ಸುಟ್ಟರೆ ಯಂತ್ರ ಗುಜರಿಗೆ ಎಂದು ಮೊದಲೇ ಹೇಳಿದ್ದರು.

ಯಂತ್ರ ಬಿಸಿಯೇರಿತು. ನಾನು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ನಡುವೆಯೇ ನಿಲ್ಲಿಸಿ, ಹೀಟರ್ ಆರುವುದನ್ನು ತೋರಿಸಲು ಕೈ ಎತ್ತಿದೆ.

"ನೀ ಹೇಳಿದ್ರೆ ಅದು ನಿಲ್ತೈತೆ ಬಿಡು," ಎಂದರು ತಿಪ್ಪಮ್ಮ. "ಹೋದ್ ಸಲ ಇಲಿ ನಿನ್ನ ಕೇಳ್ಕಂಡು ಬಂದಿತ್ತೇನವ್ವ?"

ಹಾಗೆಂದವರೇ ಸೆನ್ಸರ್‌ನ ವೈರಿಗೆ ಕೈ ಹಾಕಿ ಕಿತ್ತೇಬಿಟ್ಟರು.

ಪರದೆಯ ಮೇಲೆ ಕೆಂಪು ಅಕ್ಷರಗಳು ಬಂದವು. ಪ್ರೋಗ್ರಾಂ ಕೆಟ್ಟಿತ್ತು. ಅಷ್ಟರಲ್ಲಿ ಯಂತ್ರದ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಟಕ್ ಎಂದಿತು, ಹೀಟರಿನ ದೀಪ ಆರಿತು.

"ಫ್ಯಾನ್ ಇನ್ನೂ ತಿರುಗ್ತಾ ಐತಲ್ಲ?" ತಿಪ್ಪಮ್ಮನ ದನಿ ಗಡುಸಾಗಿತ್ತು.

"ಒಳಗಿನ ಬಿಸಿ ಹೊರಗೆ ಹಾಕಾಕೆ ಅಮ್ಮ. ಹತ್ತು ನಿಮಿಷಕ್ಕೆ ತಾನೇ ನಿಲ್ತೈತೆ."

ಅವರು ಗಡಿಯಾರ ನೋಡುತ್ತ ನಿಂತರು, ನಾನು ಅವರ ಮುಖ ನೋಡುತ್ತ ನಿಂತೆ. ಸರಿಯಾಗಿ ಹತ್ತು ನಿಮಿಷಕ್ಕೆ ಫ್ಯಾನ್ ನಿಂತಿತು. ತಿಪ್ಪಮ್ಮ ಒಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ಮೂಸಿದರು, ಒಂದನ್ನು ಕಚ್ಚಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕಡೆ ತಿರುಗಿದರು.

"ಚೀಲ ಒಳಗೆ ತರ್ರಿ. ಮೊದ್ಲು ನಂದು ಸುರೀರಿ."

ನನಗೆ ಖುಷಿಗೆ ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ. ವೈರ್ ಸಿಕ್ಕಿಸಿ ಹೀಟರ್ ಆನ್ ಮಾಡಿದೆ.